ಹಳೆಯ ಗೋಡೆಗೊಂದು ಹೊರಹೊದಿಕೆ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಹಳೆಯ ವಿದ್ಯಾರ್ಥಿಗಳು ತಂತಮ್ಮ ವೃತ್ತಿಯ ಅನುಭವದಿಂದ ಉಪಯುಕ್ತವಾದ ಏನನ್ನಾದರೂ ಬರೆದುಕೊಡಬೇಕೆಂದು ಸಂಪಾದಕ ಮಿತ್ರರು ಅಪೇಕ್ಷಿಸಿದ್ದಾರೆ. ನಾನು ಸಾಹಿತಿಯಲ್ಲ. ಕೆನಡಾ ದೇಶದ ಪಶ್ಚಿಮ ಕರಾವಳಿಯಲ್ಲಿರುವ ವ್ಯಾಂಕೂವರ್ ನಗರದಲ್ಲಿ ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಹಳೆಯ ಮನೆಗಳ ಗೋಡೆಗಳನ್ನು ಬಿಚ್ಚಿಸಿ, ದುರಸ್ತಿ ಮಾಡಿಸಿ, ಮತ್ತೆ ಮುಚ್ಚಿಸುವ ಉದ್ಯೋಗದಲ್ಲಿದ್ದ ಒಬ್ಬ ಎಂಜಿನಿಯರ್. ಆದ್ದರಿಂದ ಗೋಡೆಯ ವಿಷಯವನ್ನೇ ಬರೆಯುತ್ತೇನೆ. ಬೆಳ್ಳೂರಿನ ನಮ್ಮ ತಂದೆಯ ಮನೆಯ ಪಡುಗೋಡೆಯನ್ನು ಕೆಡಿಸಿದವನು ನಾನೇ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಟ್ಟರೆ ಮುಂದಿನ ಮಾತು ಸುಲಭವಾದೀತು.

ಬೆಳ್ಳೂರಿನ ಮಳೆಗಾಲವನ್ನು ಈ ಸಂಚಿಕೆಯ ಓದುಗರಿಗೆ ವರ್ಣಿಸಿ ಹೇಳಬೇಕಾಗಿಲ್ಲ. ಕಾಸರಗೋಡು ಜಿಲ್ಲೆಯಲ್ಲಿ ವರ್ಷಕ್ಕೆ ಸರಾಸರಿ ಸುಮಾರು 3500 ಮಿಲಿಮೀಟರ್ ಮಳೆ ಬೀಳುತ್ತದೆ. ಅದರ ಬಹುಭಾಗ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳುಗಳಲ್ಲಿ ಸುರಿದುಹೋಗುತ್ತದೆ. ಗಾಳಿ ನೈಋತ್ಯದಿಂದ ಬೀಸುವುದರಿಂದ ಆ ಮಳೆ ನೇರವಾಗಿ ಬೀಳದೆ ಓರೆಯಾಗಿ ಬಂದು ಪಡುವಣ ಗೋಡೆಗೆ ಹೊಡೆಯುತ್ತದೆ. ನಮ್ಮ ತರಗತಿಯಲ್ಲಿ ಪಡುಗಡೆಯ ಕಿಟಕಿಯ ಬಳಿಯ ಬೆಂಚನ್ನು ಆಟಿ ತಿಂಗಳಲ್ಲಿ ಒಳಕ್ಕೆ ಸರಿಸಿಕೊಳ್ಳುತ್ತಿದ್ದುದು ನನ್ನ ಓರಗೆಯವರಿಗೆ ನೆನಪಿರಬಹುದು. ಎರಚಲು ಹೊಡೆದು ಪುಸ್ತಕ ನೆನೆಯಿತೆಂದು ದೂರಿದರೆ, "ಗೋಡೆ ನೆನೆಯುತ್ತದೆ, ಒಣಗುತ್ತದೆ. ನೀವು ಈಚೆ ಬನ್ನಿ" ಎನ್ನುತ್ತಿದ್ದರು ನಮ್ಮ ಮಾಷ್ಟ್ರು. ಆ ಮಾತಿನಲ್ಲಿ ಕಟ್ಟಡಶಾಸ್ತ್ರದ ಅರ್ಧ ಭಾಗ ಅಡಗಿದೆಯೆಂದು ನನಗೆ ತಿಳಿಯಲು ಬಹಳ ವರ್ಷಗಳು ಬೇಕಾದವು.

ನಮ್ಮ ಮನೆಯದು ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆ, ಹಂಚಿನ ಮಾಡು. ಪ್ರತಿವರ್ಷ ಪತ್ತನಾಜೆಗೆ ಮೊದಲೇ ತಂದೆಯವರು ಪಡುಗಡೆಯ ಸೂರಿನಿಂದ ಕೆಳಗಿನವರೆಗೆ ಅಡಕೆ ಸೋಗೆಯ ತಟ್ಟಿ ಕಟ್ಟಿಸುತ್ತಿದ್ದರು. ಗೋಡೆಗೂ ತಟ್ಟಿಗೂ ನಡುವೆ ಒಂದು ಗೇಣಿನಷ್ಟು ಎಡೆ ಇರುತ್ತಿತ್ತು. ಮಕ್ಕಳಾದ ನಾವು ಆ ಎಡೆಯಲ್ಲಿ ಅಡಗಿ ಆಡುತ್ತಿದ್ದೆವು. ಮಳೆ ಮುಗಿದ ಮೇಲೆ ತಟ್ಟಿ ಬಿಚ್ಚಿದಾಗ ಅದರ ಹಿಂದಿನ ಗೋಡೆ ಒಣಗಿಯೇ ಇರುತ್ತಿತ್ತು. ಬಡತನದ ಏರ್ಪಾಡು ಎಂದೇ ನಾನು ಅದನ್ನು ಭಾವಿಸಿದ್ದೆ.

ಮರದ ಗೋಡೆಯ ರಚನೆ

ವ್ಯಾಂಕೂವರಿನ ಹಳೆಯ ಮನೆಗಳ ಗೋಡೆ ನಮ್ಮಲ್ಲಿಯಂತೆ ಗಟ್ಟಿ ಗೋಡೆಯಲ್ಲ. ಅದು ಒಂದು ಪೆಟ್ಟಿಗೆ. ಸುಮಾರು 38 ಮಿಲಿಮೀಟರ್ ದಪ್ಪ, 89 ಮಿಲಿಮೀಟರ್ ಅಗಲದ ಮರದ ಕಂಬಗಳನ್ನು ಸುಮಾರು 400 ಮಿಲಿಮೀಟರಿಗೊಂದರಂತೆ ಸಾಲಾಗಿ ನಿಲ್ಲಿಸುತ್ತಾರೆ. ಅವುಗಳ ಹೊರಮೈಗೆ ಹಲಗೆ ಹೊಡೆದು, ಅದರ ಮೇಲೆ ಕರಿಯ ಕಾಗದ ಹೊದಿಸಿ, ಎಲ್ಲಕ್ಕಿಂತ ಹೊರಗೆ ಮಳೆಯನ್ನು ತಾಳಿಕೊಳ್ಳುವ ಸೀಡರ್ ಹಲಗೆಗಳನ್ನು ಒಂದರ ಮೇಲೊಂದು ಮುಚ್ಚುವಂತೆ ಕೂಡಿಸುತ್ತಾರೆ. ಒಳಮೈಗೆ ಗಾರೆ ಅಥವಾ ಜಿಪ್ಸಂ ಹಲಗೆ. ನಡುವೆ ಬರಿಯ ಟೊಳ್ಳು. 1940ರ ದಶಕದಲ್ಲಿ ಕಟ್ಟಿದ ಒಂದು ಮನೆಯನ್ನು ನಾವು ಕೊಂಡಾಗ ಅದರ ಗೋಡೆಗಳೂ ಹೀಗೆಯೇ ಟೊಳ್ಳಾಗಿದ್ದವು. ಚಳಿಗಾಲದಲ್ಲಿ ಒಲೆ ಉರಿಸಿದ ಕಾವೆಲ್ಲ ಗೋಡೆಯ ಮೂಲಕ ಹೊರಗೆ ಹೋಗುತ್ತಿತ್ತು.

ಇಂಥ ಗೋಡೆಯನ್ನು ಬೆಚ್ಚಗೆ ಮಾಡುವ ದಾರಿಗಳು ಎರಡು. ಒಳಗಿನ ಗಾರೆಯನ್ನು ಕಿತ್ತು ಕಂಬಗಳ ನಡುವೆ ಶಾಖನಿರೋಧಕವನ್ನು ತುಂಬುವುದು ಒಂದು; ಹೊರಗಿನ ಹಲಗೆಯನ್ನು ಬಿಚ್ಚಿ ಹೊರಗಿನಿಂದ ಹೊದಿಸುವುದು ಇನ್ನೊಂದು. ಎರಡನೆಯದಕ್ಕೆ ಖರ್ಚು ಹೆಚ್ಚು. ಆದರೂ ಹೊರಹಲಗೆ ಹೇಗೂ ಬದಲಾಯಿಸುವಷ್ಟು ಹಳತಾಗಿದ್ದರೆ ಅದೇ ಉತ್ತಮ. ಅದಕ್ಕೆ ಕಾರಣಗಳಿವೆ.

ಮೊದಲನೆಯದು, ಮರವೂ ಶಾಖವನ್ನು ಸಾಗಿಸುತ್ತದೆ. ಕಲ್ಲನ್ನು ಕರಗಿಸಿ ಎಳೆದ ನೂಲಿನ ಹೊದಿಕೆಗಿಂತ, ಅಂದರೆ ಕಲ್ಲುನಾರಿಗಿಂತ, ಮರ ಸುಮಾರು ಮೂರು ಪಟ್ಟು ಹೆಚ್ಚಾಗಿ ಶಾಖವನ್ನು ಬಿಟ್ಟುಕೊಡುತ್ತದೆ. ಕಂಬಗಳು, ಅಡ್ಡಪಟ್ಟಿಗಳು, ಕಿಟಕಿ ಬಾಗಿಲುಗಳ ಸುತ್ತಲಿನ ಮರ ಎಲ್ಲವನ್ನೂ ಕೂಡಿಸಿದರೆ ಗೋಡೆಯ ಸುಮಾರು ಕಾಲುಭಾಗ ಮರವೇ ಆಗಿರುತ್ತದೆ. ಕಂಬಗಳ ನಡುವೆ ಎಷ್ಟೇ ತುಂಬಿದರೂ ಕಂಬಗಳ ಮೂಲಕ ಶಾಖ ಸೋರುತ್ತಲೇ ಇರುತ್ತದೆ. ಹೊರಗಿನಿಂದ ಕಂಬಳಿಯಂತೆ ಹೊದಿಸಿದರೆ ಕಂಬವೂ ಒಳಗಾಗುತ್ತದೆ.

ಎರಡನೆಯದು ಇನ್ನೂ ಮುಖ್ಯ. ಅದು ತೇವದ ವಿಷಯ. ಮನೆಯೊಳಗಿನ ಗಾಳಿ 21 ಡಿಗ್ರಿ ಸೆಲ್ಸಿಯಸ್ ಬೆಚ್ಚಗಿದ್ದು ಅದರ ಸಾಪೇಕ್ಷ ಆರ್ದ್ರತೆ ನೂರಕ್ಕೆ 50 ಇದ್ದರೆ, ಸುಮಾರು 10 ಡಿಗ್ರಿಗಿಂತ ತಣ್ಣಗಿರುವ ಯಾವುದೇ ಮೈಯನ್ನು ತಾಗಿದಾಗ ಅದರಲ್ಲಿನ ಆವಿ ನೀರಾಗುತ್ತದೆ. ಅಡುಗೆ, ಸ್ನಾನ, ಉಸಿರು ಇವುಗಳಿಂದ ಮನೆಯೊಳಗೆ ಆವಿ ಸದಾ ಉಂಟಾಗುತ್ತದೆ. ಸಣ್ಣ ಸಂದುಗಳ ಮೂಲಕ ಆ ಗಾಳಿ ಗೋಡೆಯೊಳಕ್ಕೆ ನುಸುಳಿ ತಣ್ಣಗಿರುವ ಹೊರಹಲಗೆಯನ್ನು ಮುಟ್ಟಿದರೆ ಹಲಗೆ ಒಳಗಿನಿಂದಲೇ ಒದ್ದೆಯಾಗಿ ಕ್ರಮೇಣ ಕೊಳೆಯುತ್ತದೆ. ಟೊಳ್ಳನ್ನು ಮಾತ್ರ ತುಂಬಿದರೆ ಆ ಹಲಗೆ ಮೊದಲಿಗಿಂತಲೂ ತಣ್ಣಗಾಗುತ್ತದೆ, ಅಪಾಯ ಹೆಚ್ಚುತ್ತದೆ. ಹೊರಗಿನಿಂದ ಹೊದಿಸಿದರೆ ಹಲಗೆ ಬೆಚ್ಚಗಿರುತ್ತದೆ, ನೀರು ಕಟ್ಟುವುದಿಲ್ಲ.

ಹೊರಹೊದಿಕೆಯ ಕ್ರಮ

ನಮ್ಮ ಮನೆಯ ಕೆಲಸವನ್ನು 2004ರ ಬೇಸಗೆಯಲ್ಲಿ ಒಂದೊಂದೇ ಗೋಡೆಯಂತೆ ಮಾಡಿಸಿದೆ. ಮೊದಲು ಹೊರಗಿನ ಸೀಡರ್ ಹಲಗೆಯನ್ನು ಬಿಚ್ಚಿ, ಒಳಹಲಗೆಯನ್ನು ಅಂಗುಲ ಅಂಗುಲವಾಗಿ ಚೂಪಾದ ಮೊಳೆಯಿಂದ ಚುಚ್ಚಿ ನೋಡಿದೆವು. ಮೊಳೆ ಸುಲಭವಾಗಿ ಇಳಿದಲ್ಲೆಲ್ಲ ಮರ ಕೊಳೆತಿತ್ತು; ಹೆಚ್ಚಾಗಿ ಕಿಟಕಿಗಳ ಕೆಳಮೂಲೆಗಳಲ್ಲಿ. ಅದನ್ನು ಕತ್ತರಿಸಿ ಹೊಸ ಮರ ಕೂಡಿಸಿದ ಮೇಲೆ, ಟೊಳ್ಳಿನೊಳಕ್ಕೆ ಹಳೆಯ ವೃತ್ತಪತ್ರಿಕೆಗಳನ್ನು ಅರೆದು ಬೋರಾನಿನ ಲವಣ ಬೆರೆಸಿದ ಹತ್ತಿಯಂಥ ವಸ್ತುವನ್ನು ಕೊಳವೆಯಿಂದ ಒತ್ತಿ ತುಂಬಿಸಿದೆವು. ಆ ಲವಣ ಬೆಂಕಿಯನ್ನೂ ಹುಳವನ್ನೂ ತಡೆಯುತ್ತದೆ.

ಅನಂತರ ಹಲಗೆಯ ಮೇಲೆ ಒಂದು ತೆಳುಪೊರೆ. ಇದು ಮಳೆಯ ಹನಿಯನ್ನು ಬಿಡುವುದಿಲ್ಲ, ಆವಿಯನ್ನು ಬಿಡುತ್ತದೆ. ಮಾಡಿನ ಹಂಚುಗಳಂತೆ ಮೇಲಿನದು ಕೆಳಗಿನದರ ಮೇಲೆ ಬರುವ ಹಾಗೆ ಅದನ್ನು ಹೊದಿಸಬೇಕು; ಕಿಟಕಿಯ ತಲೆಯ ಮೇಲಿನ ತಗಡೂ ಪೊರೆಯ ಅಡಿಗೆ ಸೇರಬೇಕು. ಅದರ ಮೇಲೆ ಸುಮಾರು 75 ಮಿಲಿಮೀಟರ್ ದಪ್ಪದ ಗಟ್ಟಿ ಕಲ್ಲುನಾರಿನ ಹಲಗೆ. ಅದನ್ನು ಒತ್ತಿಹಿಡಿಯಲು ಮೇಲಿನಿಂದ ಕೆಳಕ್ಕೆ ನೆಟ್ಟನೆಯ ರೀಪುಗಳು. ಅವುಗಳನ್ನು ಉದ್ದನೆಯ ತಿರುಪುಮೊಳೆಗಳಿಂದ ಒಳಗಿನ ಕಂಬಗಳಿಗೆ ಬಿಗಿಯಬೇಕು. ಹೊಸ ಹೊರಹಲಗೆಯನ್ನು ಈ ರೀಪುಗಳಿಗೆ ಹೊಡೆಯುವುದರಿಂದ ಹಲಗೆಗೂ ಹೊದಿಕೆಗೂ ನಡುವೆ ಸುಮಾರು ಮುಕ್ಕಾಲು ಅಂಗುಲದ ಎಡೆ ಉಳಿಯುತ್ತದೆ. ಕೆಳಗೂ ಮೇಲೂ ಆ ಎಡೆಯ ಬಾಯಿಗೆ ಹುಳ ನುಸುಳದಂತೆ ಬಲೆ. ಹಲಗೆಯನ್ನು ದಾಟಿ ಬಂದ ನೀರು ಆ ಎಡೆಯಲ್ಲಿ ಇಳಿದುಹೋಗುತ್ತದೆ. ಉಳಿದ ತೇವವನ್ನು ಗಾಳಿ ಒಯ್ಯುತ್ತದೆ. ಗೋಡೆ ದಪ್ಪವಾದಷ್ಟು ಸೂರು ಗಿಡ್ಡವಾಗುವುದರಿಂದ ಸೂರನ್ನೂ ಮುಂದಕ್ಕೆ ಚಾಚಿಸಬೇಕಾಯಿತು.

ಆ ಮುಕ್ಕಾಲು ಅಂಗುಲದ ಬೆಲೆಯನ್ನು ವ್ಯಾಂಕೂವರ್ ಬಹಳ ದುಬಾರಿಯಾಗಿ ಕಲಿತಿತ್ತು. 1980 ಮತ್ತು 90ರ ದಶಕಗಳಲ್ಲಿ ಅಲ್ಲಿ ಕಟ್ಟಿದ ಅನೇಕ ವಸತಿ ಸಮುಚ್ಚಯಗಳಿಗೆ ಸೂರು ಇರಲಿಲ್ಲ. ಮರದ ಚೌಕಟ್ಟಿನ ಹೊರಗೆ ನೇರವಾಗಿ ಗಾರೆ ಬಳಿದು, ಒಳಗೆ ಪ್ಲಾಸ್ಟಿಕ್ ಹಾಳೆ ಹೊದಿಸಿದ್ದರು. ಬಿರುಕಿನಿಂದ ಒಳಹೊಕ್ಕ ಮಳೆನೀರಿಗೆ ಹೊರಬರುವ ದಾರಿ ಎರಡು ಕಡೆಯೂ ಇರಲಿಲ್ಲ. ಗೋಡೆಗಳು ಒಳಗೊಳಗೇ ಕೊಳೆತವು. ಸಾವಿರಾರು ಕುಟುಂಬಗಳು ಸಾಲದಲ್ಲಿ ಮುಳುಗಿದ ಮೇಲೆ, 1998ರಲ್ಲಿ ಪ್ರಾಂತದ ಮಾಜಿ ಪ್ರಧಾನಿ ಡೇವ್ ಬ್ಯಾರೆಟ್ ಅವರ ನೇತೃತ್ವದಲ್ಲಿ ವಿಚಾರಣಾ ಆಯೋಗ ಕುಳಿತಿತು. ನನ್ನ ವೃತ್ತಿಜೀವನದ ಬಹುಪಾಲು ಇಂಥ ಗೋಡೆಗಳನ್ನು ಬಿಚ್ಚುವುದರಲ್ಲೇ ಕಳೆಯಿತು. ಅಲ್ಲಿನ ಮಳೆಯಾದರೋ ವರ್ಷಕ್ಕೆ ಸುಮಾರು 1200 ಮಿಲಿಮೀಟರ್. ನಮ್ಮ ಊರಿನ ಮೂರರಲ್ಲಿ ಒಂದು ಪಾಲು.

ನಾನು ಮಾಡಿದ ತಪ್ಪು

ಇಷ್ಟೆಲ್ಲ ಬಲ್ಲ ನಾನು ಬೆಳ್ಳೂರಿನ ವಿಷಯದಲ್ಲಿ ಏನು ಮಾಡಿದೆ? ತಂದೆಯವರು ತೀರಿಕೊಂಡ ಮೇಲೆ ಸೋಗೆ ತಟ್ಟಿ ಕಟ್ಟುವವರು ಸಿಗುವುದು ಕಷ್ಟವಾಯಿತು. ಒಂದು ಮಳೆಗಾಲದಲ್ಲಿ ಪಡುಗೋಡೆಯ ಮಣ್ಣು ಕರಗತೊಡಗಿತೆಂದು ಅಣ್ಣ 2008ರಲ್ಲಿ ದೂರವಾಣಿಯಲ್ಲಿ ತಿಳಿಸಿದ. ನಾನು ಹೆಚ್ಚು ಯೋಚಿಸಲಿಲ್ಲ. "ಹೊರಗಿನಿಂದ ಗಟ್ಟಿಯಾಗಿ ಸಿಮೆಂಟ್ ಗಾರೆ ಮಾಡಿಸು, ಮೇಲೆ ಮಳೆ ತಡೆಯುವ ಬಣ್ಣ ಎರಡು ಸಲ ಬಳಿಸು, ಖರ್ಚು ನಾನು ಕಳುಹಿಸುತ್ತೇನೆ" ಎಂದೆ. ಅಣ್ಣನಿಗೆ ಮನಸ್ಸಿರಲಿಲ್ಲ, ಆದರೂ ಎಂಜಿನಿಯರ್ ತಮ್ಮನ ಮಾತೆಂದು ನಡೆಸಿದ. ಗೋಡೆ ಹೊಸದರಂತೆ ಹೊಳೆಯಿತು. ನೆರೆಹೊರೆಯವರು ಹೊಗಳಿದರಂತೆ.

ಮೂರು ಮಳೆಗಾಲ ಕಳೆಯಿತು. ಪಡುಗಡೆಯ ಕೋಣೆಯಲ್ಲಿ ಅತ್ತಿಗೆಗೆ ಕೆಮ್ಮು ಹೆಚ್ಚಾಗಿ ಅವರು ಜಗಲಿಗೆ ಹಾಸಿಗೆ ಬದಲಾಯಿಸಿದರು. ಕೋಣೆಯಲ್ಲಿ ಬೂಷ್ಟು ವಾಸನೆ. 2011ರ ಆಟಿಯಲ್ಲಿ ಒಂದು ರಾತ್ರಿ ಗಾರೆಯ ದೊಡ್ಡ ಚಕ್ಕೆ ಕಳಚಿ ಬಿತ್ತು. ಅದರ ಹಿಂದಿನ ಮಣ್ಣು ನಾದಿದ ಹಿಟ್ಟಿನಂತೆ ಮೆತ್ತಗಾಗಿತ್ತು. ಒರಲೆ ಗಾರೆಯ ಮರೆಯಲ್ಲೇ ಹತ್ತಿ ಮಾಡಿನ ತೊಲೆಯ ತುದಿಯನ್ನು ತಿಂದಿತ್ತು. ಮನೆಯನ್ನೇ ಕೆಡವಿ ಹೊಸದು ಕಟ್ಟುವುದು ಒಳ್ಳೆಯದೆಂದು ನೋಡಿದವರೆಲ್ಲ ಹೇಳಿದರು. ಅಣ್ಣ ನನ್ನನ್ನು ಬೈಯಲಿಲ್ಲ. "ಅಪ್ಪ ಕಟ್ಟಿಸುತ್ತಿದ್ದ ತಟ್ಟಿಗೆ ಹೊರಗೂ ಗಾಳಿ, ಒಳಗೂ ಗಾಳಿ. ನೀನು ಹೇಳಿದ್ದಕ್ಕೆ ಎರಡೂ ಇಲ್ಲ" ಎಂದಷ್ಟೇ ಹೇಳಿದ. ವ್ಯಾಂಕೂವರಿನಲ್ಲಿ ನಾನು ಸಂಬಳ ತೆಗೆದುಕೊಂಡು ಇತರರಿಗೆ ಹೇಳುತ್ತಿದ್ದ ಮಾತು ಅದೇ ಆಗಿತ್ತು. ಸೋಗೆಯ ಹಿಂದಿನ ಗೇಣು ಜಾಗವೂ ಸೀಡರ್ ಹಲಗೆಯ ಹಿಂದಿನ ಮುಕ್ಕಾಲು ಅಂಗುಲವೂ ಒಂದೇ ಎಂಬುದು ನನಗೆ ಹೊಳೆದಿರಲೇ ಇಲ್ಲ.

ಕಾರಣ ಸರಳವಾದುದು. ಮಣ್ಣಿನ ಗೋಡೆ ನೆಲದಿಂದಲೂ ಗಾಳಿಯಿಂದಲೂ ತೇವವನ್ನು ಹೀರುತ್ತದೆ, ಬಿಸಿಲು ಗಾಳಿಗೆ ಬಿಟ್ಟುಕೊಡುತ್ತದೆ. ಹೀರಿದಾಗ ಸ್ವಲ್ಪ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಸಿಮೆಂಟ್ ಗಾರೆ ಬಿರುಸಾದುದು. ಗೋಡೆಯೊಡನೆ ಉಬ್ಬುವುದೂ ಇಲ್ಲ, ಕುಗ್ಗುವುದೂ ಇಲ್ಲ. ಹಾಗಾಗಿ ಕೂದಲೆಳೆಯ ಬಿರುಕುಗಳು ಹುಟ್ಟುತ್ತವೆ. ಆ ಬಿರುಕು ಮಳೆನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಮೇಲೆ ಬಳಿದ ಬಣ್ಣ ಅದನ್ನು ಹೊರಕ್ಕೆ ಬಿಡುವುದಿಲ್ಲ. ಸುಣ್ಣದ ಗಾರೆಯ ಗುಣ ಬೇರೆ. ಅದು ಗಾಳಿಯಲ್ಲಿನ ಇಂಗಾಲದ ಡೈ ಆಕ್ಸೈಡನ್ನು ಹೀರಿ ನಿಧಾನವಾಗಿ ಗಟ್ಟಿಯಾಗುತ್ತದೆ. ಗಟ್ಟಿಯಾದ ಮೇಲೂ ಮೆದುವಾಗಿ, ಸೂಕ್ಷ್ಮ ರಂಧ್ರಗಳಿಂದ ಕೂಡಿರುತ್ತದೆ.

ಮರುವರ್ಷದ ಜನವರಿಯಲ್ಲಿ ನಾನೇ ಊರಿಗೆ ಬಂದು ನಿಂತೆ. ಮಾಡಿಗೆ ಆಧಾರ ಕೊಟ್ಟು, ಸಿಮೆಂಟ್ ಗಾರೆಯನ್ನೆಲ್ಲ ಕೆತ್ತಿಸಿ, ಗೋಡೆಯನ್ನು ಎಪ್ರಿಲ್‌ವರೆಗೆ ಬರಿಮೈಯಲ್ಲಿ ಒಣಗಲು ಬಿಟ್ಟೆವು. ಮೆತ್ತಗಾದ ತಳಭಾಗವನ್ನು ಎರಡೆರಡು ಅಡಿಯಂತೆ ತೆಗೆದು ಮುರಕಲ್ಲಿನಿಂದ ತುಂಬಿಸಿದೆವು. ಗೋಡೆಗೆ ತೆಳುವಾದ ಸುಣ್ಣದ ಗಾರೆ. ಅದರ ಹೊರಗೆ ಎರಡು ಅಂಗುಲ ದಪ್ಪದ ಮರದ ಪಟ್ಟಿಗಳನ್ನು, ನೆಲವನ್ನು ಮುಟ್ಟದಂತೆ, ನೆಟ್ಟನೆ ನಿಲ್ಲಿಸಿ, ಅವುಗಳಿಗೆ ಅಡ್ಡ ರೀಪು ಬಿಗಿದು ತಗಡಿನ ಶೀಟು ಹೊದಿಸಿದೆವು. ಕೆಳಗೂ ಮೇಲೂ ಗಾಳಿಗೆ ಬಾಯಿ ಬಿಟ್ಟು, ಇಲಿ ಹಾವುಗಳು ಸೇರದಂತೆ ಬಲೆ ಹಾಕಿದೆವು. ಸೂರನ್ನು ಎರಡು ಅಡಿ ಮುಂದಕ್ಕೆ ಚಾಚಿ, ಅದರ ನೀರು ಗೋಡೆಯ ಬುಡದಲ್ಲಿ ನಿಲ್ಲದಂತೆ ಕಣಿ ತೋಡಿದೆವು. ನೋಟಕ್ಕೆ ಅದು ಅಷ್ಟೇನೂ ಚೆಂದವಿಲ್ಲ. ಆದರೆ ಎರಡು ಮಳೆಗಾಲಗಳ ಬಳಿಕ ಅತ್ತಿಗೆಯವರು ಆ ಕೋಣೆಗೆ ಹಿಂತಿರುಗಿದರು.

ನಮ್ಮ ಊರಿಗೆ ಬೇಕಾದುದೇನು?

ವ್ಯಾಂಕೂವರಿನ ದಪ್ಪ ಕಂಬಳಿ ನಮ್ಮ ಹಳೆಯ ಮನೆಗಳಿಗೆ ಬೇಕಾಗಿಲ್ಲ. ಅಲ್ಲಿ ಕಾವು ಹೊರಗೆ ಹೋಗದಂತೆ ತಡೆಯಬೇಕು. ಇಲ್ಲಿ ಬಿಸಿಲು ಗೋಡೆಗೆ ತಾಗದಂತೆ ತಡೆಯಬೇಕು. ಒಂದೂವರೆ ಅಡಿಯ ಮಣ್ಣಿನ ಗೋಡೆಯನ್ನು ಬಿಸಿಲಿನ ಕಾವು ದಾಟಲು ಅರ್ಧ ದಿನವೇ ಬೇಕಾಗುತ್ತದೆ. ಪಡುಗೋಡೆಗೆ ಅಪರಾಹ್ನ ತಾಗಿದ ಬಿಸಿಲನ್ನು ರಾತ್ರಿ ಮಲಗಿದವರು ಅನುಭವಿಸುತ್ತಾರೆ. ಎಡೆಯಿಟ್ಟು ಹೊದಿಸಿದ ಹೊರಹೊದಿಕೆ ಮಳೆಗಾಲದಲ್ಲಿ ಕೊಡೆಯಾದರೆ ಬೇಸಗೆಯಲ್ಲಿ ನೆರಳಾಗುತ್ತದೆ.

ಮುರಕಲ್ಲಿನ ಗೋಡೆಗೂ ಈ ಮಾತು ಸಲ್ಲುತ್ತದೆ. ಈ ಕಲ್ಲಿಗೆ ಲ್ಯಾಟರೈಟ್ ಎಂಬ ಹೆಸರನ್ನು, ಇಟ್ಟಿಗೆ ಎಂಬರ್ಥದ ಲ್ಯಾಟಿನ್ ಪದದಿಂದ, 1807ರಲ್ಲಿ ಪ್ರಕಟವಾದ ತನ್ನ ಪ್ರವಾಸಗ್ರಂಥದಲ್ಲಿ ಕೊಟ್ಟವನು ಫ್ರಾನ್ಸಿಸ್ ಬುಕಾನನ್; ಅವನು ಅದನ್ನು ಕಂಡದ್ದು ಇಂದಿನ ಮಲಪ್ಪುರಂ ಜಿಲ್ಲೆಯ ಅಂಗಡಿಪ್ಪುರದಲ್ಲಿ. ಅಗೆಯುವಾಗ ಮೆದುವಾಗಿದ್ದು ಗಾಳಿಗೆ ಗಟ್ಟಿಯಾಗುವ ಈ ಕಲ್ಲಿನ ಮೈತುಂಬ ರಂಧ್ರಗಳಿವೆ. ಅದೂ ನೀರು ಕುಡಿಯುತ್ತದೆ. ಅದಕ್ಕೂ ಒಣಗುವ ದಾರಿ ಬೇಕು.

ಈಚೆಗೆ ಊರಿನಲ್ಲಿಯೂ ಕೋಣೆಗಳಿಗೆ ಏರ್ ಕಂಡೀಷನರ್ ಕೂಡಿಸುತ್ತಿದ್ದಾರೆ. ಅಂಥವರು ಒಂದು ಎಚ್ಚರ ವಹಿಸಬೇಕು. ಆಟಿಯ ಗಾಳಿ 28 ಡಿಗ್ರಿ ಇದ್ದು ಆರ್ದ್ರತೆ ನೂರಕ್ಕೆ 90 ಇದ್ದರೆ, ಸುಮಾರು 26 ಡಿಗ್ರಿಗಿಂತ ತಣ್ಣಗಿನ ಮೈಯ ಮೇಲೆ ಅದು ನೀರಾಗುತ್ತದೆ. ಕೋಣೆಯನ್ನು 24 ಡಿಗ್ರಿಗೆ ತಣಿಸಿದರೆ ತೇವ ಹೊರಗಿನಿಂದ ಒಳಕ್ಕೆ ನುಗ್ಗಿ ಒಳಮೈಯ ಬಳಿ ನೀರಾಗುತ್ತದೆ. ಚಳಿದೇಶದ ಕತೆಗೆ ತೀರ ವಿರುದ್ಧ. ಆದುದರಿಂದ ಇಂಥ ಕೋಣೆಯ ಒಳಗೋಡೆಗೆ ಪ್ಲಾಸ್ಟಿಕ್ ಕಾಗದವನ್ನಾಗಲಿ ಗಾಳಿಯಾಡದ ಹಲಗೆಯನ್ನಾಗಲಿ ಅಂಟಿಸಬಾರದು; ಅದರ ಹಿಂದೆ ಬೂಷ್ಟು ಬೆಳೆಯುತ್ತದೆ.

ಹಳೆಯ ಮನೆಯುಳ್ಳವರು ಬಣ್ಣ ಬಳಿಸುವ ಮೊದಲು ಇಷ್ಟು ಮಾಡಬಹುದು. ಮೇ ತಿಂಗಳಲ್ಲಿ ಗೋಡೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡಿ. ಡಬ್‌ಡಬ್ ಎಂದು ಟೊಳ್ಳು ಸದ್ದು ಬಂದರೆ ಗಾರೆ ಗೋಡೆಯನ್ನು ಬಿಟ್ಟಿದೆ. ಮಳೆಗಾಲ ಕಳೆದು ಎರಡು ತಿಂಗಳಾದರೂ ಗೋಡೆಯ ಬುಡ ಕಪ್ಪಾಗಿಯೇ ಇದ್ದರೆ ನೀರಿಗೆ ಹೊರಬರುವ ದಾರಿಯಿಲ್ಲ. ಮೊದಲು ಸೂರು ಮತ್ತು ಕಣಿಗಳನ್ನು ಸರಿಪಡಿಸಿ; ಅನೇಕ ಗೋಡೆಗಳಿಗೆ ಅಷ್ಟೇ ಸಾಕು. ಸಾಲದಿದ್ದರೆ ಹೊರಹೊದಿಕೆ ಹಾಕಿಸಿ. ಅದು ಸೋಗೆಯೋ ಹಲಗೆಯೋ ತಗಡೋ ನಿಮ್ಮ ಅನುಕೂಲದಂತೆ ಇರಲಿ, ಗೋಡೆಗೂ ಅದಕ್ಕೂ ನಡುವೆ ಎಡೆ ಮಾತ್ರ ಇರಲೇಬೇಕು.

ಮಹೋತ್ಸವದ ಅಂಗವಾಗಿ ಶಾಲೆಯ ಹಳೆಯ ತರಗತಿಗಳನ್ನು ನವೀಕರಿಸುವ ಮಾತು ಬಂದರೆ, ಸಮಿತಿಯ ಹಿರಿಯರಲ್ಲಿ ನನ್ನದೊಂದು ವಿನಂತಿ. ಪಡುಗಡೆಯ ಗೋಡೆಗೆ ಸಿಮೆಂಟ್ ಮೆತ್ತುವ ಮುನ್ನ ಒಮ್ಮೆ ನಮ್ಮ ಮನೆಗೆ ಬನ್ನಿ. ಅಣ್ಣ ತಗಡಿನ ಒಂದು ಶೀಟನ್ನು ಬಿಚ್ಚಿ ಅದರ ಹಿಂದಿನ ಗೋಡೆಯನ್ನು ತೋರಿಸುತ್ತಾನೆ. ಬಂದವರಿಗೆಲ್ಲ ತೋರಿಸುವುದು ಅವನಿಗೆ ಈಗ ರೂಢಿಯಾಗಿದೆ. ಅಕ್ಷರ ಕಲಿಸಿದ ಶಾಲೆಗೆ, ಎರಚಲಿನಲ್ಲಿ ನಮ್ಮನ್ನು ಈಚೆ ಕರೆದು ಕುಳ್ಳಿರಿಸಿದ ಗುರುಗಳಿಗೆ ನಮಸ್ಕರಿಸಿ, ಶತಮಾನೋತ್ಸವದ ಮಳೆಗಾಲದಲ್ಲಿಯೂ ಆ ಗೋಡೆಗಳು ನಿಂತಿರಲಿ ಎಂದು ಹಾರೈಸುತ್ತೇನೆ.